ಗುಡುಗುಡಿಯ ಪೀಪಾಯಿ, ಧೂಳೇಳದ ಕಲ್ಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ಇಕ್ಕಟ್ಟು ಜಾಗದಲ್ಲಿ, ಬಚ್ಚಲ ಗೋಡೆಗೆ ತಾಗಿಸಿದ ಹಲಗೆಯ ಮೇಲೆ, ಬಣ್ಣದ ಡಬ್ಬಿಯಷ್ಟು ಗಾತ್ರದ ರಬ್ಬರ್ ಪೀಪಾಯಿಯೊಂದು ಅಡ್ಡ ಮಲಗಿ ಉರುಳುತ್ತಿದೆ. ಹಳೆಯ ವಾಷಿಂಗ್ ಮೆಷಿನ್ನಿನ ಮೋಟಾರು, ಹೊಲಿಗೆ ಯಂತ್ರದ ಬೆಲ್ಟು, ಎರಡು ಕಬ್ಬಿಣದ ಉರುಳೆ. ಯಂತ್ರ ಅಂದರೆ ಇಷ್ಟೇ. ಅದರೆದುರು ಕುಕ್ಕರುಗಾಲಲ್ಲಿ ಕೂತ ವ್ಯಕ್ತಿ ಸ್ವಿಚ್ಚು ಆರಿಸಿ, ಪೀಪಾಯಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತಿರುಗಿಸುತ್ತಾರೆ. ಪುಸ್ಸೆಂದು ಗಾಳಿ ಹೊರಬೀಳುತ್ತದೆ. ಜರಡಿಗೆ ಸುರಿದರೆ ಮೊದಲು ಬರುವುದು ಕಲಸಿದ ಸಿಮೆಂಟಿನಂಥ ಬೂದು ರಾಡಿ. ಅದರೊಳಗಿಂದ ಒಂದೊಂದಾಗಿ ಕಲ್ಲು.

ಪ್ರತಿ ಕಲ್ಲನ್ನೂ ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾರೆ. ಉಜ್ಜುವ ಪುಡಿ ಒರಟಿನಿಂದ ನುಣುಪಿಗೆ ಹಂತ ಹಂತವಾಗಿ ಬದಲಾಗುತ್ತದೆ; ಹಿಂದಿನ ಪುಡಿಯ ಒಂದು ಕಣ ಉಳಿದುಕೊಂಡರೂ ಮುಂದಿನ ಹೊಳಪೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ರಾಡಿಯನ್ನು ಚರಂಡಿಗೆ ಬಿಡುವುದಿಲ್ಲ. ಮುಚ್ಚಳವಿರುವ ಬಕೆಟ್ಟಿಗೆ ಸುರಿದು, ಹಸಿಯಾಗಿಯೇ ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡುತ್ತಾರೆ.

“ಒಂದ್ಸಲ ಚರಂಡಿಗೆ ಬಿಟ್ಟಿದ್ದೆ. ಒಳಗೆ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತುಬಿಡ್ತು. ಆಮೇಲೆ ಬೀದಿಯವರೆಲ್ಲ ನನ್ನನ್ನ ಹುಡುಕ್ಕೊಂಡು ಬಂದ್ರು, ಸನ್ಮಾನಕ್ಕಲ್ಲ” ಎಂದು ನಗುತ್ತಾರೆ. “ಹಾಗಂತ ಒಣಗೋಕೂ ಬಿಡಲ್ಲ. ಒಣಗಿದ್ರೆ ಮತ್ತೆ ಧೂಳೇ ಅಲ್ವಾ?”

ಕೊನೆಯ ಮಾತು ಹೇಳುವಾಗ ಅವರು ನಗುವುದಿಲ್ಲ.

ಬೀದಿಯಲ್ಲಿ ಇವರ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ಒಂದು ಪೀಪಾಯಿ ಕಲ್ಲು ಹೊಳಪಿಗೆ ಬರಲು ತಿಂಗಳ ಹತ್ತಿರ ಬೇಕು. ಅಲ್ಲಿಯವರೆಗೂ ಹಿತ್ತಿಲಿನಿಂದ ಗುಡುಗುಡು ಸದ್ದು ಬರುತ್ತಲೇ ಇರುತ್ತದೆ. ಹಾಗಾಗಿ ದೊಡ್ಡವರ ಬಾಯಲ್ಲಿ ಇವರು ‘ಗುಡುಗುಡಿ’, ಮಕ್ಕಳಿಗೆ ‘ಗುಡುಗುಡಿ ಮಾಮ’. ಮುಂದಿನ ಕೋಣೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಡತಿಗೂ ಈ ಸದ್ದು ಒಗ್ಗಿಹೋಗಿದೆ. “ನಮ್ಮನೇಲಿ ಎರಡು ಮೆಷಿನ್ನು. ನಂದು ನಿಂತ್ರೆ ಅವರು ‘ಏನಾಯ್ತೇ’ ಅಂತಾರೆ. ಅವರದು ನಿಂತ್ರೆ ನಾನು ‘ಏನಾಯ್ತ್ರೀ’ ಅಂತೀನಿ. ಸಂಸಾರದ ಮಾತುಕತೆ ಅರ್ಧ ಇಷ್ಟೇ” ಎನ್ನುತ್ತಾರೆ ಅವರು, ಬಾಯಲ್ಲಿ ಕಚ್ಚಿದ್ದ ದಾರ ತೆಗೆದು.

ಕಲ್ಲು ಉಜ್ಜುವುದು ಗುಡುಗುಡಿಯವರ ಹವ್ಯಾಸ. ಹೊಟ್ಟೆಪಾಡು ಕಲ್ಲು ಕೊಯ್ಯುವುದು. ಅಡುಗೆಮನೆಯ ಕಟ್ಟೆಗೆ, ಮೆಟ್ಟಿಲಿಗೆ, ಕಿಟಕಿಯ ಅಂಚಿಗೆ ಬೇಕಾದ ಅಳತೆಗೆ ಚಪ್ಪಡಿ ಕತ್ತರಿಸಿ ಕೊಡುವ ಅಂಗಡಿಯಲ್ಲಿ ಅವರು ಹಿರಿಯ ಕೆಲಸಗಾರ. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಶಟರ್ ಎತ್ತುತ್ತಾರೆ. ತೊಟ್ಟಿಗೆ ನೀರು ತುಂಬಿಸಿ, ಪ್ರತಿ ಗರಗಸದ ಅಲಗಿನ ಮೇಲೆ ನೀರು ಬೀಳಿಸುವ ಕೊಳವೆಯನ್ನು ನೋಡುತ್ತಾರೆ, ಕಟ್ಟಿಕೊಂಡ ತೂತನ್ನು ತಂತಿಯಿಂದ ಬಿಡಿಸುತ್ತಾರೆ. ಆಮೇಲೆಯೇ ಕರೆಂಟಿನ ಪೆಟ್ಟಿಗೆಗೆ ಕೈ. ಈ ನೀರು ಅಲ್ಲಿಗೆ ಸುಮ್ಮನೆ ಬಂದದ್ದಲ್ಲ.

ಇವರಿಗೆ ಕೆಲಸ ಕಲಿಸಿದವರನ್ನು ಅಂಗಡಿಯಲ್ಲಿ ಇಂದಿಗೂ ಕರೆಯುವುದು ‘ಮೇಸ್ತ್ರಿ’ ಎಂದೇ. ಕೈ ಪಳಗಿದ ಮನುಷ್ಯ. ಚಪ್ಪಡಿಗೆ ಒಂದು ಏಟು ಹಾಕಿ ಸದ್ದಿನಲ್ಲೇ ಬಿರುಕು ಹೇಳುತ್ತಿದ್ದರು. ಆದರೆ ನಾಲಿಗೆ ಮಾತ್ರ ಅಲಗಿಗಿಂತ ಹರಿತ. ಕೆಲಸಕ್ಕೆ ಸೇರಿದ ಗುಡುಗುಡಿಯವರನ್ನು ಅವರು ವರ್ಷಗಟ್ಟಲೆ ಗರಗಸದ ಹತ್ತಿರ ಸುಳಿಯಗೊಡಲಿಲ್ಲ. ಹೊರಗಿನ ಅಂಗಳದಲ್ಲಿ ಚಪ್ಪಡಿ ಇಳಿಸು, ಅಳತೆ ಹಿಡಿ, ಗೀಟು ಎಳೆ. ಇಷ್ಟೇ. “ಜೊತೆಗೆ ಸೇರಿದವರೆಲ್ಲ ಒಳಗೆ ಹೋದ್ರು. ನಾನೊಬ್ಬ ಬಿಸಿಲಲ್ಲಿ. ಮೇಸ್ತ್ರಿಗೆ ನನ್ನ ಕಂಡ್ರಾಗಲ್ಲ ಅಂತ ಹೊಟ್ಟೆಯೊಳಗೇ ಕುದೀತಿದ್ದೆ” ಎಂದು ನೆನೆಯುತ್ತಾರೆ.

ಒಳಗೆ ಆಗ ಒಣಕಲ್ಲನ್ನೇ ಕೊಯ್ಯುವ ಪದ್ಧತಿ. ಅಲಗು ಚಪ್ಪಡಿಗೆ ತಾಗಿದರೆ ಮುಗಿಯಿತು, ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ರೆಪ್ಪೆ, ಮೀಸೆ, ಕಿವಿಯೊಳಗಿನ ಕೂದಲು ಎಲ್ಲ ಬಿಳಿ. ಒಬ್ಬರನ್ನೊಬ್ಬರು ನೋಡಿ ‘ಏನಜ್ಜಾ’ ಎಂದು ನಗುತ್ತಿದ್ದರಂತೆ. ಬಾಯಿಗೆ ಕಟ್ಟಿದ ಬಟ್ಟೆ ಹೆಸರಿಗೆ ಮಾತ್ರ. ಕೊನೆಗೊಂದು ದಿನ ಗುಡುಗುಡಿಯವರಿಗೂ ಒಳಗೆ ಜಾಗ ಸಿಕ್ಕಿತು. ಅಂದು ಮನೆಗೆ ಬೆಳ್ಳಗಾಗಿ ಬಂದ ಗಂಡನನ್ನು ಕಂಡು ಹೆಂಡತಿಯೂ ನಕ್ಕರಂತೆ. ಬಡ್ತಿ ಸಿಕ್ಕ ಸಂಭ್ರಮ.

ಕಲ್ಲು ಉಜ್ಜುವ ಹುಚ್ಚು ಹಿಡಿದದ್ದೂ ಅದೇ ಸುಮಾರಿಗೆ. ಕತ್ತರಿಸಿ ಉಳಿದ ಚೂರುಗಳಲ್ಲಿ ಕೆಲವು ಕೆಂಪು, ಕೆಲವು ಕಡುಹಸಿರು. ಎಸೆಯಲು ಮನಸ್ಸು ಬರದೆ ಜೇಬಿಗಿಳಿಸುತ್ತಿದ್ದರು. ಹೊಳೆದಂಡೆಯಲ್ಲಿ ಹೆಕ್ಕಿದ ಬೆಣಚುಕಲ್ಲುಗಳು ಅದಕ್ಕೆ ಸೇರಿದವು. ಗುಜರಿಯಲ್ಲಿ ಸಿಕ್ಕ ಮೋಟಾರಿಗೆ ಪೀಪಾಯಿ ಜೋಡಿಸಿ ಉರುಳಿಸಿದರೆ ಮೊದಮೊದಲು ಸಿಕ್ಕಿದ್ದು ಕೆಸರು ಮಾತ್ರ. ಮೆತ್ತನೆಯ ಕಲ್ಲನ್ನು ಗಟ್ಟಿ ಕಲ್ಲು ತಿಂದುಹಾಕುತ್ತದೆ ಎಂದು ತಿಳಿಯುವ ಹೊತ್ತಿಗೆ ಎಷ್ಟೋ ಕಲ್ಲು ರಾಡಿಯಾಗಿತ್ತು. “ಒದ್ದೆ ಇದ್ದಾಗ ಎಲ್ಲಾ ಕಲ್ಲೂ ರೂಪವಂತರೇ. ಒಣಗಿದ ಮೇಲೂ ಮುಖ ಹೊಳೀಬೇಕು, ಅದು ಹೊಳಪು. ಅಲ್ಲಿವರೆಗೆ ಯಾರಿಗೂ ತೋರಿಸಬಾರದು” ಎನ್ನುತ್ತಾರೆ. ಹೊಳಪು ಬಂದವನ್ನು ಹೆಂಡತಿ ಚಿಂದಿ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲಕ್ಕೆ ಹಾಕಿ, ಮನೆಗೆ ಬಂದವರ ಕೈಗಿಡುತ್ತಾರೆ.

ಮೇಸ್ತ್ರಿಗೆ ಕೆಮ್ಮು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಲ್ಲಿನ ಕೆಲಸದವರು ಕೆಮ್ಮುತ್ತಾರೆ, ಅಷ್ಟೇ. ಆಮೇಲೆ ಚಪ್ಪಡಿಯ ಒಂದು ತುದಿ ಹಿಡಿದೆತ್ತಲು ಆಗಲಿಲ್ಲ. ಆಮೇಲೆ ಮೆಟ್ಟಿಲು ಹತ್ತಲು. ಆಸ್ಪತ್ರೆಯಲ್ಲಿ ಹೇಳಿದರು: ಎದೆಯೊಳಗೆ ಕಲ್ಲಿನ ಧೂಳು ಕೂತಿದೆ, ಕೂತದ್ದು ಇನ್ನು ಏಳುವುದಿಲ್ಲ. ಊರೆಲ್ಲ ಕೇಳುವಂತೆ ಬೈಯುತ್ತಿದ್ದ ಮನುಷ್ಯ ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲುವುದನ್ನು ಕಂಡು ಬಂದ ದಿನ ಗುಡುಗುಡಿಯವರಿಗೆ ಊಟ ಸೇರಲಿಲ್ಲ. ಅವರಿಗೂ ಆಗ ಬೆಳಗಿನ ಹೊತ್ತು ಗಂಟಲು ಕೆರೆಯುತ್ತಿತ್ತು.

“ಹೋಗಿ ತೋರಿಸಿಕೊಂಡು ಬನ್ನಿ” ಎಂದರು ಹೆಂಡತಿ. ನಾಳೆ ಎಂದರು ಗಂಡ. ನಾಳೆಗೆ ನಾಳೆ ಸೇರಿ ತಿಂಗಳುಗಳೇ ಹೋದವು. “ನೋಡಿಸಿಕೊಳ್ಳದೇ ಇದ್ರೆ ಕಾಯಿಲೆ ಇರಲ್ಲ ಅಂತ ನನ್ನ ಲೆಕ್ಕ. ದಡ್ಡತನ. ಆದ್ರೆ ಭಯ ಆದವನಿಗೆ ಬುದ್ಧಿ ಎಲ್ಲಿರುತ್ತೆ ಹೇಳಿ” ಎನ್ನುತ್ತಾರೆ.

ಒಂದು ಬೆಳಗ್ಗೆ ಎದ್ದರೆ ಹಿತ್ತಿಲು ನಿಶ್ಶಬ್ದ. ಮೋಟಾರಿನ ಬೆಲ್ಟು ಮಾಯ. ಹೆಂಡತಿ ಅದನ್ನು ಕಳಚಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದರು. “ಬೆಲ್ಟು ಬೇಕಾ? ಎದೆಯ ಫೋಟೊ ತಗೊಂಡು ಬನ್ನಿ, ಕೊಡ್ತೀನಿ. ಅಲ್ಲಿವರೆಗೆ ಈ ಮನೇಲಿ ಒಂದು ಕಲ್ಲೂ ಉರುಳಲ್ಲ.” ಗುಡುಗುಡಿಯವರು ಸೈಕಲ್ ಟ್ಯೂಬು ಕತ್ತರಿಸಿ ಗುಟ್ಟಾಗಿ ಬೆಲ್ಟು ಮಾಡಿ ನೋಡಿದರು. ಅದು ಜಾರಿತು. ಮರುದಿನ ಆ ಟ್ಯೂಬೂ ಡ್ರಾಯರು ಸೇರಿತ್ತು. “ಬೈದಿದ್ರೆ ತಡ್ಕೋಬಹುದಿತ್ತು. ಅವಳು ಹೊಲೀತಾ ಕೂತಿದ್ದಳು, ಕಣ್ಣು ಒರೆಸಿಕೊಳ್ತಾ ಇದ್ದಳು. ಚಪ್ಪಲಿ ಹಾಕ್ಕೊಂಡು ನಡಿ ಅಂದೆ.”

ಆಸ್ಪತ್ರೆಯ ಆ ದಿನವನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ, ಒಬ್ಬರ ಮಾತನ್ನೊಬ್ಬರು ಕಸಿದುಕೊಂಡು ಹೇಳುತ್ತಾರೆ. ಡಾಕ್ಟರಮ್ಮ ಪೆನ್ನು ಹಿಡಿದು, ಸಿಗರೇಟು ಸೇದುವ ಅಭ್ಯಾಸ ಇದೆಯೇ ಎಂದು ಕೇಳಿದರಂತೆ. ಗಾಬರಿಯಲ್ಲಿದ್ದ ಹೆಂಡತಿ ಗಂಡನಿಗಿಂತ ಮುಂಚೆ ಬಾಯಿ ಹಾಕಿದರು.

“ಯಾವ ಕೆಟ್ಟ ಚಟಾನೂ ಇಲ್ಲ ಡಾಕ್ಟರಮ್ಮ. ಗುಡುಗುಡಿ ಒಂದು ಬಿಟ್ರೆ.”

ಪೆನ್ನು ನಿಂತಿತು. “ಗುಡುಗುಡಿನಾ? ಎಷ್ಟು ವರ್ಷದಿಂದ?”

“ಮಗಳು ಹುಟ್ಟಿದಾಗಿಂದ. ಹಗಲೂ ರಾತ್ರಿ ನಡೀತಾನೇ ಇರುತ್ತೆ. ಈಗ ನಾನೇ ನಿಲ್ಲಿಸಿದ್ದೀನಿ.”

ಡಾಕ್ಟರಮ್ಮನ ಹುಬ್ಬು ಮೇಲೇರಿದ್ದು ಕಂಡು, ಇದು ಹೊಗೆ ಸೇದುವ ಗುಡುಗುಡಿಯಲ್ಲವೆಂದು ಗುಡುಗುಡಿಯವರು ಪೀಪಾಯಿ, ಮೋಟಾರು, ಕಲ್ಲು ಎಲ್ಲವನ್ನೂ ಕೈಸನ್ನೆ ಮಾಡಿ ಬಿಡಿಸಿ ಹೇಳಬೇಕಾಯಿತು. ಆಕೆ ನಕ್ಕು ಬರೆದದ್ದನ್ನು ಹೊಡೆದುಹಾಕಿದರು. “ಅವರು ನಗ್ತಿದ್ರು. ನಾನು ಮಾತ್ರ ಫೋಟೊದ ಕೋಣೆಯ ಬಾಗಿಲು ನೋಡ್ತಿದ್ದೆ” ಎನ್ನುತ್ತಾರೆ ಇವರು.

ಎದೆಯ ಫೋಟೊ ಬಂತು. ಕೊಳವೆಗೆ ಉಸಿರು ಊದಿಸಿ ನೋಡಿದ್ದಾಯಿತು. ಡಾಕ್ಟರಮ್ಮ ಫೋಟೊವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನೋಡುವುದಿದ್ದರೆ ಕಥೆ ಮುಗಿದಂತೆಯೇ ಎಂದು ಗುಡುಗುಡಿಯವರು ಮನಸ್ಸಿನಲ್ಲೇ ಹೆಂಡತಿಯ ಮುಂದಿನ ದಿನಗಳ ಬಗ್ಗೆ ಯೋಚಿಸತೊಡಗಿದ್ದರು. ಆಗ ಆಕೆ ಹೇಳಿದರು: “ಸ್ವಚ್ಛವಾಗಿದೆ. ಗಂಟಲು ಕೆರೆತಕ್ಕೆ ಔಷಧಿ ಕೊಡ್ತೀನಿ, ಹೋಗುತ್ತೆ. ಕಲ್ಲಿನ ಕೆಲಸದಲ್ಲಿ ನಿಮಗಿಂತ ಕಡಿಮೆ ಕಾಲ ಇದ್ದವರದ್ದೂ ಇಷ್ಟು ಸ್ವಚ್ಛ ಇರಲ್ಲ. ಗರಗಸದ ಮುಂದೆ ಯಾವಾಗಿಂದ ಇದ್ದೀರಿ?”

ಆ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ಅವರಿಗೆ ಹೊಳೆಯಿತು. ಉಳಿದವರೆಲ್ಲ ಒಳಗೆ ಧೂಳು ಕುಡಿಯುತ್ತಿದ್ದಾಗ ತಾನಿದ್ದದ್ದು ಅಂಗಳದಲ್ಲಿ. ಹೊಟ್ಟೆ ಉರಿಸಿಕೊಂಡಿದ್ದ ಆ ವರ್ಷಗಳೇ ಎದೆಯನ್ನು ಉಳಿಸಿದ್ದವು.

ಹೊರಗೆ ಬಂದವರು ಆಸ್ಪತ್ರೆಯ ಗೋಡೆಬದಿಯ ಬೆಂಚಿನಲ್ಲಿ ಕೂತರು. ಹೋದ ಜೀವ ಬಂದಂತಾಗಿತ್ತು. ಹೆಂಡತಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಬೆಲ್ಟನ್ನು ಬಿಚ್ಚಿ ಗಂಡನ ಕೈಗಿಟ್ಟರು. “ಚೆನ್ನಾಗಿದ್ರೂ ಕೊಡೋಣ, ಕೆಟ್ಟದಾಗಿದ್ರೂ ಕೊಟ್ಟುಬಿಡೋಣ ಅಂತ ತಂದಿದ್ದೆ” ಎಂದರಂತೆ.

ಅಲ್ಲಿಂದ ನೇರ ಮೇಸ್ತ್ರಿಯ ಮನೆಗೆ. ಕುರ್ಚಿಯ ಪಕ್ಕದ ಯಂತ್ರದಿಂದ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡಿದ್ದ ಗುರುವಿನ ಮುಂದೆ ಶಿಷ್ಯ ಕಣ್ಣೊರೆಸಿಕೊಂಡು, “ನನ್ನನ್ನ ಹೊರಗೇ ಇಟ್ಟು ಉಳಿಸಿದ್ರಿ ಮೇಸ್ತ್ರಿ” ಎಂದರು. ಮೇಸ್ತ್ರಿ ಉಸಿರು ಕೂಡಿಸಿಕೊಂಡು ಉತ್ತರ ಕೊಟ್ಟರು: “ಉಳಿಸೋಕಲ್ವೋ ದಡ್ಡ. ನಿನ್ನ ಕೈ... ನಿಜಕ್ಕೂ ಪಳಗಿರಲಿಲ್ಲ.” ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೇಸ್ತ್ರಿಯೂ ನಕ್ಕು, ಕೆಮ್ಮಿ, ನಳಿಗೆ ಸರಿಮಾಡಿಕೊಂಡರು.

ಅಂದು ಸಂಜೆ ಪೀಪಾಯಿ ಮತ್ತೆ ತಿರುಗಿತು. ಅದರ ಮುಂದೆ ಕೂತಾಗಲೇ ಆ ಯೋಚನೆ ಬಂದದ್ದು. ಇಲ್ಲೂ ಕಲ್ಲು ಸವೆಯುತ್ತದೆ, ಬಕೆಟ್ಟುಗಟ್ಟಲೆ ಪುಡಿಯಾಗುತ್ತದೆ. ಆದರೆ ಒಂದು ಚಿಟಿಕೆಯೂ ಗಾಳಿಗೆ ಏಳುವುದಿಲ್ಲ. ನೀರು ಅದನ್ನು ಹಿಡಿದು ಕೂರಿಸುತ್ತದೆ. “ಇದೇನು ನಾನು ಕಂಡುಹಿಡಿದದ್ದಲ್ಲ, ಬೇರೆ ಕಡೆ ನೀರು ಹಾಕಿಯೇ ಕೊಯ್ತಾರೆ. ನಮಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ವಿ, ಅದೇ ತಪ್ಪು.”

ಮರುದಿನ ಅಂಗಡಿಯ ಯಜಮಾನರ ಮುಂದೆ ನಿಂತು, ಅಲಗಿಗೆ ನೀರು ಬೇಕು ಎಂದರು. ನೆಲ ಕೆಸರಾಗುತ್ತದೆ, ಕರೆಂಟು ಹೊಡೆಯುತ್ತದೆ, ಕೆಲಸ ನಿಧಾನವಾಗುತ್ತದೆ ಎಂದು ಯಜಮಾನರು ಒಂದೊಂದಾಗಿ ಬೆರಳು ಮಡಚಿದರು. ಗುಡುಗುಡಿಯವರು ವಾದಕ್ಕೆ ಇಳಿಯಲಿಲ್ಲ. “ನೀರು ಬರೋವರೆಗೆ ನಾನು ಗರಗಸ ಮುಟ್ಟಲ್ಲ ಯಜಮಾನ್ರೇ. ಬೇರೆ ಏನು ಹೇಳಿದ್ರೂ ಮಾಡ್ತೀನಿ” ಎಂದು ಅಂಗಳಕ್ಕೆ ಹೋಗಿ ಚಪ್ಪಡಿ ಇಳಿಸತೊಡಗಿದರು. ಒಳಗೆ ಗರಗಸಗಳು ಅರಚುತ್ತಿದ್ದವು. ಮೊದಲ ದಿನ ಯಾರೂ ಅವರ ಕಡೆ ನೋಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಂದು ಗರಗಸದ ಸದ್ದು ನಿಂತಿತು. ಒಬ್ಬ ಕೆಲಸಗಾರ ಮುಖ ಒರೆಸಿಕೊಳ್ಳುತ್ತ ಬಂದು ಚಪ್ಪಡಿಯ ಇನ್ನೊಂದು ತುದಿ ಹಿಡಿದ. ಸಂಜೆಯೊಳಗೆ ಒಳಗಿನ ಸದ್ದೆಲ್ಲ ಅಡಗಿತ್ತು.

“ಕೆಲಸ ನಿಂತಿತು ಅಂತ ಹೆದರಿಕೆ ಇತ್ತು, ಸುಳ್ಳು ಹೇಳಲ್ಲ” ಎನ್ನುತ್ತಾರೆ ಯಜಮಾನರು, ತಮ್ಮ ಗಾಜಿನ ಕೋಣೆಯಲ್ಲಿ ಕೂತು. “ಆದ್ರೆ ಅದಕ್ಕಿಂತ ದೊಡ್ಡ ಹೆದರಿಕೆ, ಅವನು ಹೇಳ್ತಿರೋದು ನಿಜ ಅನ್ನೋದು. ಮೇಸ್ತ್ರಿ ನನ್ನ ಅಂಗಡೀಲೇ ಅಲ್ವಾ ದುಡಿದದ್ದು.” ತೊಟ್ಟಿ ಬಂತು, ಕೊಳವೆ ಬಂತು, ತಂತಿಗಳು ಮೇಲಕ್ಕೇರಿದವು, ಕೆಸರು ಹರಿಯಲು ನೆಲದಲ್ಲಿ ಕಾಲುವೆ ಬಿತ್ತು. ಮೂಗಿಗೆ ಸರಿಯಾದ ಮಾಸ್ಕೂ ಬಂತು. ಕೆಲಸಗಾರರೆಲ್ಲರ ಎದೆಯ ಪರೀಕ್ಷೆಯೂ ಆಯಿತು. ಇಬ್ಬರಿಗೆ ಧೂಳಿನ ಗುರುತು ಕಂಡಿದೆ. ಬೇಗ ಸಿಕ್ಕಿದ್ದರಿಂದ ಒಳಗಿನ ಕೆಲಸ ಬಿಡಿಸಿ ಅಳತೆಗೆ, ಲೆಕ್ಕಕ್ಕೆ ಹಾಕಿದ್ದಾರೆ. ಉಳಿದವರು ನಿರಾಳ.

ಮೇಸ್ತ್ರಿಯ ಎದೆ ಮೊದಲಿನಂತೆ ಆಗುವುದಿಲ್ಲ. ಆದರೆ ಕಾಯಿಲೆ ಸದ್ಯಕ್ಕೆ ನಿಂತಲ್ಲೇ ನಿಂತಿದೆ. ರಜೆಯ ದಿನ ಗುಡುಗುಡಿಯವರು ತೊಳೆದ ಕಲ್ಲುಗಳನ್ನು ಚೀಲದಲ್ಲಿ ಹೊತ್ತು ಅವರ ಮನೆಗೆ ಹೋಗುತ್ತಾರೆ. ಮೇಸ್ತ್ರಿ ಕಣ್ಣು ಮುಚ್ಚಿ, ಒಂದೊಂದನ್ನೂ ಉಗುರಿನಿಂದ ಸವರಿ ಬಿರುಕು ಹುಡುಕುತ್ತಾರೆ. ಹೊಳಪಿಗೆ ಹೋಗುವುದು ಬಲಕ್ಕೆ, ಮತ್ತೆ ಒರಟು ಪುಡಿಗೆ ಹೋಗುವುದು ಎಡಕ್ಕೆ. ಎಡಗಡೆಯ ರಾಶಿ ಯಾವಾಗಲೂ ದೊಡ್ಡದು. “ಇವನಿಗೆ ಅವಸರ” ಎಂಬ ಬೈಗುಳ ಇದ್ದದ್ದೇ. ಆ ಬೈಗುಳದಲ್ಲಿ ಈಗ ಉಸಿರಿಗೆಂದು ನಡುವೆ ನಿಲ್ಲುವುದು ಕಡಿಮೆಯಾಗಿದೆ ಎನ್ನುವುದು ಶಿಷ್ಯನ ಸಂತೋಷ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಗುಡುಗುಡಿಯವರು ಅಲಗಿನ ಮೇಲೆ ಬೀಳುವ ನೀರನ್ನೇ ನೋಡುತ್ತ ಹೇಳುತ್ತಾರೆ:

“ಮೊನ್ನೆ ಹೊಸದಾಗಿ ಸೇರಿದವನೊಬ್ಬ ಬಂದು ಗೊಣಗಿದ. ದಿನಾ ಪ್ಯಾಂಟು ಒದ್ದೆಯಾಗುತ್ತೆ, ಇದೆಂಥ ಕೆಲಸ ಮಾಮ ಅಂದ. ನೀರಿಲ್ಲದೆ ಕೊಯ್ತಾರೆ ಅನ್ನೋದೇ ಅವನಿಗೆ ಗೊತ್ತಿಲ್ಲ. ನಾನೂ ಹೇಳೋಕೆ ಹೋಗಲಿಲ್ಲ. ಅವನು ಹೀಗೇ ಗೊಣಗ್ತಾ ಇರಲಿ. ನನಗೆ ಕೇಳೋಕೆ ಹಿತವಾಗಿತ್ತು.”