ಲೀಮರ್‌ಗಾಗಿ ಬರೆದ ಎರಡು ಅರ್ಜಿಗಳು

ಬಹರೈನ್‌ನ ಅರಾದಿನ ನಮ್ಮ ಬಿಲ್ಡಿಂಗಿನಲ್ಲಿ ಊರ ಕಡೆಯವರಿಗೆ ಇಂಗ್ಲಿಷ್ ಅರ್ಜಿ ಬೇಕಾದರೆ ನನ್ನ ಬಳಿ ಬರುತ್ತಾರೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಲ್ಲಿ ಕ್ರೋಶಾ ಹೆಣಿಗೆ ಮರೆತಿದೆ, ಲೆಟರ್ ರೈಟಿಂಗ್ ಉಳಿದಿದೆ. ಲೀವ್, ಸ್ಕೂಲ್ ಅಡ್ಮಿಶನ್, ಸೋರುವ ನಲ್ಲಿ, ಎಲ್ಲದರ ಬಗ್ಗೆಯೂ ಬರೆದಿದ್ದೇನೆ. ಲೀಮರ್ ಬಗ್ಗೆ ಬರೆದಿರಲಿಲ್ಲ.

ಅದನ್ನು ತಂದವನು ಎದುರು ಫ್ಲ್ಯಾಟಿನ ಡ್ರೈವರ್, ಉಳ್ಳಾಲದ ಬ್ಯಾರಿ. ಅವನ ಅರಬಾಬ್, ಅಂದರೆ ಧಣಿ, ಮಕ್ಕಳಿಗೆಂದು ಕೊಂಡಿದ್ದ ಪ್ರಾಣಿ. ಅದು ಕಚ್ಚಿತು. ನೀನೇ ಇಟ್ಟುಕೋ ಎಂದರಂತೆ. ಬೆಕ್ಕಿನಷ್ಟು ಗಾತ್ರ, ಕೋತಿಯಂಥ ಕೈಕಾಲು, ಬಾಲದ ತುಂಬ ಕಪ್ಪು ಬಿಳಿ ಪಟ್ಟೆ. ಡ್ರೈವರನ ಫ್ಲ್ಯಾಟಿಗೆ ಬಾಲ್ಕನಿ ಇಲ್ಲದ್ದರಿಂದ ಬೆಳಿಗ್ಗೆ ನಮ್ಮದರಲ್ಲಿ ಬಿಡುತ್ತಿದ್ದರು. ಬಿಸಿಲಿಗೆ ಹೊಟ್ಟೆ ಕೊಟ್ಟು, ಕೈ ಅಗಲಿಸಿ, ರಿಟೈರ್ ಆದವರ ಹಾಗೆ ಕೂರುತ್ತಿತ್ತು. ಪಕ್ಕದಲ್ಲಿ ನಾನು. ಗಂಡ ತೀರಿದ ಮೇಲೆ ಆ ಬಾಲ್ಕನಿಯಲ್ಲಿ ನನಗೆ ಸಿಕ್ಕಿದ ಕಂಪನಿ ಅದೊಂದೇ.

ಡ್ರೈವರನ ಹೆಂಡತಿ ಅದಕ್ಕೆ ಚಹಾದಲ್ಲಿ ಅದ್ದಿದ ರಸ್ಕ್ ತಿನ್ನಿಸುತ್ತಿದ್ದಳು. ಮನೆಗೆ ಬಂದವರಿಗೆ ಚಹಾ ಕೊಡದೆ ಇರುವುದು ಅವಳಿಗೆ ಗೊತ್ತಿಲ್ಲ. ಎರಡು ವಾರದಲ್ಲಿ ಅದು ಏಳುವುದನ್ನೇ ಬಿಟ್ಟಿತು.

"ಆಂಟಿ, ಡಾಕ್ಟ್ರಿಗೆ ಒಂದು ಲೆಟರ್ ಬರ್ದು ಕೊಡಿ. ದಾರಿಯಲ್ಲಿ ಸಿಕ್ಕಿದ್ದು ಅಂತ ಹಾಕಿ."

"ದಾರಿಯಲ್ಲಿ ಲೀಮರ್ ಸಿಗ್ತದಾ ಮಾರಾಯ?"

"ಅರಬಾಬನ ಹೆಸರು ಬಂದ್ರೆ ನನ್ನ ವೀಸಾ ಕ್ಯಾನ್ಸಲ್. ಮಕ್ಕಳ ಸ್ಕೂಲು ಉಂಟು ಇಲ್ಲಿ."

"ವಿತ್ ಡ್ಯೂ ರೆಸ್ಪೆಕ್ಟ್" ಎಂದು ಶುರುಮಾಡಿ ನಾಲ್ಕು ಸಾಲು ಸುಳ್ಳು ಬರೆದೆ. ಮಾರ್ಜಿನ್ ಬಿಟ್ಟು, ನೀಟಾಗಿ.

ಅವನ ಜೊತೆ ನಾನೂ ಹೋದೆ. ಪ್ರಾಣಿಗಳ ಡಾಕ್ಟರಮ್ಮ ಓದಿ ಕನ್ನಡಕ ತೆಗೆದರು. ಮಡಗಾಸ್ಕರ್‌ನಿಂದ ಅರಾದಿನವರೆಗೆ ಇದು ನಡೆದು ಬಂತೇ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು. ನಾನು ಹ್ಯಾಂಡ್‌ಬ್ಯಾಗ್ ನೋಡಿದೆ. ಕಾಡಿನ ಲೀಮರ್‌ಗಳಿರುವುದು ಆ ದೇಶದಲ್ಲಿ ಮಾತ್ರವಂತೆ. ಅಲ್ಲಿ ಇದ್ದಿಲಿಗೆ ಮರ ಕಡಿಯುತ್ತಾರೆ, ಬೇಸಾಯಕ್ಕೆ ಕಾಡು ಸುಡುತ್ತಾರೆ, ಉಳಿದವುಗಳ ಮರಿಗಳನ್ನು ತಾಯಿಯಿಂದ ಕಿತ್ತು ಮಾರುತ್ತಾರೆ. ಇದು ಬದುಕಬಹುದು, ಇಲ್ಲೇ ಇರಲಿ, ಎಂದರು. ಯಾವ ಮನೆಯಿಂದ ಬಂತೆಂದು ಹೇಳಿದರೆ ಮಾರಿದವನನ್ನು ಹುಡುಕಬಹುದು, ಮುಂದಿನದನ್ನು ತಡೆಯಬಹುದು, ಎಂದೂ ಹೇಳಿದರು. ಡ್ರೈವರ್ ತನ್ನ ಶೂ ನೋಡಿದ. ಲೀಮರನ್ನು ಅಲ್ಲೇ ಬಿಟ್ಟು, ಹೆಸರು ಹೇಳದೆ ನಾವಿಬ್ಬರೂ ಮನೆಗೆ ಬಂದೆವು.

ತಿಂಗಳೊಳಗೆ ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ.

"ಆ ಮನೆಗೆ ಇನ್ನೊಂದು ತಂದಿದ್ದಾರೆ ಆಂಟಿ. ಮರಿ. ಇಡೀ ದಿನ ಕೂಗ್ತದೆ. ಈ ಸಲ ನಿಜ ಬರೀರಿ."

"ನಿನ್ನ ವೀಸಾ?"

"ಹೋದ್ರೆ ಹೋಗ್ತದೆ."

"ಹೆಂಡತಿಗೆ ಹೇಳಿದ್ದೀಯಾ?"

"ಹೇಳಿದೆ. ಸಮಾ ಬೈದ್ಳು. ಮತ್ತೆ ಪೆನ್ನು ಕೊಟ್ಟು ಕಳಿಸಿದ್ಳು."

ಹಿಂದಿನ ಪತ್ರ ಸುಳ್ಳು ಎಂಬಲ್ಲಿಂದ ಆರಂಭಿಸಿದೆ. ಅವನು ಮನಸ್ಸು ಬದಲಿಸಿದರೆ ಬದಲಿಸಲಿ ಎಂದು ಒಂದೊಂದು ಅಕ್ಷರವನ್ನೂ ನಿಧಾನವಾಗಿ ಬರೆದೆ. ಅರಬಾಬನ ಹೆಸರು ಬರುವಲ್ಲಿ ನಿಲ್ಲಿಸಿ ಅವನ ಮುಖ ನೋಡಿದೆ. ಅವನು ಹೆಸರು ಹೇಳಿದ. ಮನೆ ನಂಬರನ್ನೂ ಹೇಳಿದ.