ಚರಂಡಿ ಯಾವ ಸರ್ಕಾರದ್ದು

ನನ್ನ ತಮ್ಮನ ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಅನ್ನುತ್ತಾರೆ. ನನಗೂ ಹಾಗೇ ಕರೆದು ರೂಢಿ. ನಲವತ್ತರ ಹತ್ತಿರ ಬಂದವಳು ಸಂಜೆ ಕಾಲೇಜಿಗೆ ಸೇರಿದಾಗ ಬೀದಿ ಮುಸಿಮುಸಿ ನಕ್ಕಿತು. ಸೇರಿದ್ದು ಒಂದೇ ವಿಷಯಕ್ಕೆ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಪರಿಚಯ. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ.

ನಮ್ಮ ಬೀದಿ ಮುಗಿಯುವಲ್ಲಿ ಹೆದ್ದಾರಿ. ಎರಡರ ನಡುವೆ ಎದೆಮಟ್ಟದ ಚರಂಡಿ, ಮುಚ್ಚಳವಿಲ್ಲ. ಚರಂಡಿಯಾಚೆ, ರಸ್ತೆ ಪಕ್ಕದಲ್ಲೇ ಶಾಲೆ. ಯಾರೋ ಅಡ್ಡ ಹಾಕಿದ ಹಲಗೆಯ ಮೇಲೆ ಮಕ್ಕಳು ದಾಟುತ್ತವೆ. ಹಿಂದಿನ ಮಳೆಗಾಲದಲ್ಲಿ ಆ ಹಲಗೆ ಜಾರಿ ಅವಳ ಮಗಳು ಹೋದಳು. ಒಬ್ಬಳೇ ಮಗಳು, ಎರಡನೇ ಕ್ಲಾಸು.

ಹೆದ್ದಾರಿ ಆಫೀಸಿನವರು ಚರಂಡಿ ರಾಜ್ಯದ್ದು ಅಂದರು. ರಾಜ್ಯದವರು ಹೆದ್ದಾರಿಗೋಸ್ಕರ ತೋಡಿದ್ದು, ಹಾಗಾಗಿ ಕೇಂದ್ರದ್ದು ಅಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಇಲ್ಲಿ ಕೂಸೇ ಹೋಯಿತು, ಜಗಳ ಮುಗಿಯಲಿಲ್ಲ. ಅವಳು ಪರಿಹಾರ ಕೇಳಲಿಲ್ಲ. ಮುಚ್ಚಳ ಹಾಕಿ ಅಂದಳು, ಅಷ್ಟೇ. ಉಳಿದ ಮಕ್ಕಳು ಇನ್ನೂ ಅದೇ ಹಲಗೆಯ ಮೇಲೆ ಓಡಾಡುತ್ತಿದ್ದವು.

"ಯಾರ ಬಾಗಿಲಲ್ಲಿ ಕೂತ್ಕೋಬೇಕು ಅಂತಾನಾದ್ರೂ ಗೊತ್ತಾಗ್ಲಿ ಅತ್ತಿಗೆ," ಅಂದಳು ಕಾಲೇಜಿಗೆ ಹೊರಟ ದಿನ.

ಜೊತೆಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಬಡ್ತಿಗಾಗಿ ಬಂದ ಗುಮಾಸ್ತರು, ಆಕಳಿಸುವ ವಾಚ್‌ಮನ್‌ಗಳು, ಮಿಣುಕುವ ಟ್ಯೂಬ್‌ಲೈಟು. ಸದಾ ನೆಗಡಿಯ ಲೆಕ್ಚರರ್ ಬೋರ್ಡಿನ ನಡುವೆ ಗೆರೆ ಎಳೆದು, ಸೈನ್ಯ, ರೈಲು ಈ ಕಡೆ, ಪೊಲೀಸು, ಆಸ್ಪತ್ರೆ ಆ ಕಡೆ ಎಂದು ಬರೆದರು. ಇವಳು ಕೈಯೆತ್ತಿ ಚರಂಡಿ ಯಾವ ಕಡೆ ಎಂದು ಕೇಳಿದಳು. ಕ್ಲಾಸು ಗೊಳ್ಳೆಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಲೆಕ್ಚರರ್ ನಗಲಿಲ್ಲ. ಅದು ಸಿಲಬಸ್‌ನಲ್ಲಿಲ್ಲ, ಆದರೆ ಕೆಲವು ವಿಷಯ ಇಬ್ಬರಿಗೂ ಸೇರಿರುತ್ತವೆ ಅಂದರು. ಅವಳು ಮೆಷಿನ್ ತುಳಿಯುತ್ತಲೇ ಆ ಪಾಠವನ್ನೆಲ್ಲ ಬಾಯಿಪಾಠ ಮಾಡಿದಳು. ಆಮೇಲೆ ಎರಡೂ ಆಫೀಸಿಗೆ ಹೋಗಿ, ಇದು ನಿಮ್ಮಿಬ್ಬರದ್ದೂ ಎಂದು ವಾದಿಸಿದಳು. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು.

ಮತ್ತೆ ಮಳೆಗಾಲ ಹತ್ತಿರವಾಯಿತು. ಕೊನೆಗೆ ತಮ್ಮನೇ ಎಲ್ಲಿಂದಲೋ ಸಿಮೆಂಟಿನ ಚಪ್ಪಡಿ ತಂದ. ಭಾನುವಾರ ಬೀದಿಯ ಗಂಡಸರೆಲ್ಲ ಕೈಹಾಕಿ ಕೂರಿಸಿದರು. ಮಾರನೆಯ ದಿನ ಮಕ್ಕಳು ಅದರ ಮೇಲೆ ಕುಣಿದುಕೊಂಡು ಹೋದವು. ಆವತ್ತು ಅವಳು ಹೊಟ್ಟೆ ತುಂಬಾ ಉಂಡಳು.

ವಾರ ತುಂಬುವುದರೊಳಗೆ ಎರಡು ಜೀಪು ಬಂದವು. ಅನುಮತಿಯಿಲ್ಲದೆ ನಮ್ಮ ಜಾಗ ಒತ್ತುವರಿ ಮಾಡಿದ್ದೀರಿ ಎಂದರು ಹೆದ್ದಾರಿಯವರು. ನಮ್ಮ ಚರಂಡಿ ಮುಟ್ಟೋಕೆ ನೀವ್ಯಾರು ಎಂದರು ರಾಜ್ಯದವರು. ಅಷ್ಟು ದಿನ ನಮ್ಮದಲ್ಲ ಅಂದ ಬಾಯಿಗಳೇ! ಚಪ್ಪಡಿ ಕೀಳುವ ಅಧಿಕಾರ ಯಾರದೆಂದು ಅವರಲ್ಲೇ ಜಟಾಪಟಿ ಶುರುವಾಯಿತು.

ಟೈಲರಮ್ಮ ಇಬ್ಬರ ನಡುವೆ ಹೋಗಿ ನಿಂತಳು. "ಹಾಗಾದ್ರೆ ನನ್ನ ಮಗು ಬಿದ್ದಿದ್ದು ನಿಮ್ಮ ಚರಂಡಿಗೇ," ಅಂದಳು, ಮೊದಲು ಒಬ್ಬನಿಗೆ, ಆಮೇಲೆ ಇನ್ನೊಬ್ಬನಿಗೆ.

ಕೀಳುವುದಕ್ಕೆ ಮಾತ್ರ ಇಬ್ಬರೂ ಒಂದಾದರು. ಕ್ರೇನು ತರಿಸಿ ಚಪ್ಪಡಿ ಎತ್ತಿಸಿಕೊಂಡು ಹೋದರು. ಟೆಂಡರ್ ಆದ ಮೇಲೆ ಸರಿಯಾದ್ದು ಹಾಕುತ್ತೇವೆ ಅಂದರು. ಸಂಜೆಗೆ ಯಾರೋ ಹಳೆಯ ಹಲಗೆಯನ್ನೇ ತಂದು ಹಾಕಿದರು. ಆ ಜೀಪಿನವರ ಮನೆ ಹಾಳಾಗ.

ಅವಳ ಪರೀಕ್ಷೆ ಇದ್ದದ್ದು ಶಾಲೆ ಬಿಡುವ ಹೊತ್ತಿಗೇ. ಆವತ್ತು ಬೆಳಗಿನಿಂದ ಮಳೆ. ನೀನು ಹೋಗು, ಮಕ್ಕಳನ್ನು ನಾನು ದಾಟಿಸುತ್ತೇನೆ ಅಂದೆ. ಅವಳು ನನ್ನ ಊದಿದ ಮಂಡಿಗಳನ್ನು ನೋಡಿದಳು.

"ಉತ್ತರ ಗೊತ್ತಾಯ್ತಲ್ಲ ಅತ್ತಿಗೆ. ಇನ್ನು ಬರೆದು ಯಾರಿಗೆ ತೋರಿಸ್ಲಿ?"

ಬಟ್ಟೆ ಎತ್ತಿ ಕಟ್ಟಿ ಚರಂಡಿಗಿಳಿದಳು. ಸೊಂಟದವರೆಗೆ ಕೊಚ್ಚೆ. ಹಲಗೆಯನ್ನು ಹೆಗಲಿಗೆ ಆನಿಸಿಕೊಂಡು ನಿಂತು, ಒಂದೊಂದೇ ಮಗುವಿನ ಕೈಹಿಡಿದು ದಾಟಿಸಿದಳು. ಈಗಲೂ ಮಳೆ ಬಂದರೆ ಮೆಷಿನ್ ನಿಲ್ಲಿಸಿ ಅಲ್ಲಿಗೇ ಹೋಗುತ್ತಾಳೆ.