ಈಗಿಲ್ಲದ ಜಾಗಗಳ ಪುಸ್ತಕ

ಕಂಪನಿ ಕಟ್ಟುತ್ತೇನೆ ಎಂದು ನನ್ನ ಹೆಂಡತಿ ಹೇಳಿದ ದಿನ ನಾನು ಬಾಯಲ್ಲಿದ್ದ ಗುಂಡುಸೂಜಿ ನುಂಗುವುದೊಂದು ಬಾಕಿ. ನಾನು ಟೈಲರ್. ಅವಳು ಇಪ್ಪತ್ತೆರಡು ವರ್ಷ ಅಗ್ನಿಶಾಮಕ ದಳದ ಕಂಟ್ರೋಲ್ ರೂಮಿನಲ್ಲಿ ಫೋನೆತ್ತಿದವಳು. ಆ ಕೆಲಸ ಬಿಟ್ಟು ಬಂದವಳೇ ನನ್ನ ಅಂಗಡಿಯ ಬೋರ್ಡು ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇಟ್ಟಳು. ನಾನೂ ಹೊಲಿಗೆ ಮಿಷನ್ನೂ ಹಿಂದಿನ ಕೋಣೆಗೆ ಎತ್ತಂಗಡಿ.

"ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?"

"ಬೇಕಿತ್ತು ಕಣ್ರೀ," ಎಂದಳು. ಅಷ್ಟೇ. ಅವಳದ್ದು ಯಾವಾಗಲೂ ತುಂಡು ಮಾತು.

ಯಾಕೆ ಬೇಕಿತ್ತು ಎಂದು ನನಗೂ ಗೊತ್ತಿತ್ತು. ಬೆಂಕಿ ಬಿದ್ದಾಗ ಮನೆ ನಂಬರ್ ಹೇಳುವ ವ್ಯವಧಾನ ಯಾರಿಗಿರುತ್ತದೆ? 'ಐಸ್ ಫ್ಯಾಕ್ಟರಿ ಪಕ್ಕ, ಬೇಗ ಬನ್ನಿ' ಎನ್ನುತ್ತಾರೆ. ಫ್ಯಾಕ್ಟರಿ ಕೆಡವಿ ಹತ್ತು ವರ್ಷವಾಗಿರುತ್ತದೆ. ಒಮ್ಮೆ ಹೀಗೇ ಆಗಿ, ಊರಿಗೆ ಹೊಸಬನಾದ ಡ್ರೈವರ್ ಇಲ್ಲದ ಫ್ಯಾಕ್ಟರಿ ಹುಡುಕುತ್ತ ಹನ್ನೊಂದು ನಿಮಿಷ ಸುತ್ತಿದ. ಒಬ್ಬ ಅಜ್ಜಿ ಉಳಿಯಲಿಲ್ಲ. ಅವತ್ತು ಫೋನೆತ್ತಿದ್ದವಳು ಇವಳೇ. ಆಮೇಲೆ ಕೆಂಪು ರಟ್ಟಿನ ಪುಸ್ತಕವೊಂದರಲ್ಲಿ ಈಗಿಲ್ಲದ ಜಾಗಗಳನ್ನೆಲ್ಲ ಬರೆಯುತ್ತ ಬಂದಳು: ಕಡಿದ ಮರ, ಮುಚ್ಚಿದ ಟಾಕೀಸು, ಮಣ್ಣು ತುಂಬಿದ ಬಾವಿ. ಫೋನಿನಲ್ಲಿ ಆ ಹೆಸರು ಬಂದೊಡನೆ ಪರದೆಯ ಮೇಲೆ ದಾರಿ ಕಾಣಬೇಕು, ಇನ್ನೊಂದು ಫೈರ್ ಇಂಜಿನ್ ಹಾಗೆ ಅಲೆಯಬಾರದು. ಅವಳ ಕಂಪನಿ ಅಂದರೆ ಇಷ್ಟೇ.

ಪ್ರೋಗ್ರಾಂ ಬರೆದವಳು ಅವಳ ತಂಗಿ. ಜಾಣೆ, ಆದರೆ ಅತಿ ಅಚ್ಚುಕಟ್ಟು. ದಳದ ಮುಖ್ಯಾಧಿಕಾರಿ ಪರೀಕ್ಷೆ ಮಾಡಲು ಬಂದವರು ಬಾಗಿಲಾಚೆ ನಿಂತು ಫೋನ್ ಮಾಡಿದರು: "ಹಳೇ ಟಾಕೀಸ್ ಹಿಂದೆ ಹೊಗೆ ಬರ್ತಿದೆ!"

ಪರದೆ ಬೋಳು. ನಾದಿನಿಯ ಮುಖ ಬಿಳಿಚಿತು.

"ಅಕ್ಕಾ, ನಿನ್ನೆ ಪಟ್ಟಿ ಕ್ಲೀನ್ ಮಾಡ್ದೆ. ಮ್ಯಾಪಲ್ಲಿ ಇಲ್ದಿರೋ ಮುನ್ನೂರು ಜಾಗ ತಪ್ಪು ಅಂತ ತೆಗ್ದುಬಿಟ್ಟೆ."

"ಅಯ್ಯೋ ಪುಣ್ಯಾತ್ಗಿತ್ತಿ, ಕೊಳೆ ತೆಗಿ ಅಂದ್ರೆ ಬಟ್ಟೇನೇ ಎಸೆದ್ಯಲ್ಲೇ!" ಎಂದು ಕೂಗಿದವನು ನಾನೇ.

ಹೆಂಡತಿ ದಾರಿಯನ್ನು ಬಾಯಲ್ಲೇ ಹೇಳಿದಳು. ಒಳಗೆ ಬಂದ ಅಧಿಕಾರಿ ತಲೆಯಾಡಿಸಿದರು. "ನಿಮ್ಗೆ ಗೊತ್ತು ಮೇಡಂ, ಸರಿ. ಆದ್ರೆ ನಿಮ್ಮನ್ನ ಎಲ್ಲಾ ಠಾಣೇಲೂ ಕೂರಿಸೋಕಾಗುತ್ತಾ? ಸೋಮವಾರ ಬರ್ತೀನಿ. ಅವತ್ತೂ ಹೀಗೇ ಆದ್ರೆ ಇದನ್ನ ಇಲ್ಲಿಗೇ ಬಿಟ್ಬಿಡೋಣ."

ಮೂರು ದಿನ ನಾನು ಪುಸ್ತಕ ಓದಿದೆ, ಅಕ್ಕತಂಗಿಯರು ಟೈಪ್ ಮಾಡಿದರು. ಬೈಯುತ್ತಲೇ ಓದಿದೆ. "ಭಾವ, ಜಾಗದ ಹೆಸರು ಯಾವ್ದು, ಬೈಗಳ ಯಾವ್ದು ಗೊತ್ತಾಗ್ತಿಲ್ಲ," ಎಂದಳು ನಾದಿನಿ. ಕೊನೆಯ ಪುಟ ಬಂದಾಗ ಹೆಂಡತಿ ಪುಸ್ತಕ ಕಿತ್ತುಕೊಂಡಳು. "ಇದು ನಾನೇ ನೋಡ್ಕೋತೀನಿ. ನೀವು ಹೋಗಿ ಹೊಲೀರಿ."

ಸೋಮವಾರ ಅಧಿಕಾರಿ ಇನ್ನೂ ಘಾಟಿಯಾದರು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಹೆಂಗಸಿನ ಕೈಗೆ ಫೋನ್ ಕೊಟ್ಟು, ಇದು ಯಾವ ಜಾಗ ಹೇಳಮ್ಮಾ ಎಂದರು. ಅವಳ ದನಿ ಮೇಜಿನ ಮೇಲೆ ಜೋರಾಗಿ ಕೇಳಿಸಿತು.

"ಇದಾ? ಸಿಡುಕು ಟೈಲರ್ ಅಂಗಡಿ ಇತ್ತಲ್ಲಾ, ಅದ್ರ ಎದುರಿನ ಸಂದಿ."

"ಯಾವನೇ ಅವನು ಸಿಡುಕು ಟೈಲರು!" ಎಂದು ಗುಡುಗಿದೆ. ನಾದಿನಿ ಬಾಯಿ ಮುಚ್ಚಿಕೊಂಡು ನಗು ತಡೆದಳು. ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ಸರಿಯಾಗಿ ನಮ್ಮ ಸೂರಿನ ಮೇಲೆಯೇ ಬಿತ್ತು. ಅಲ್ಲಿಂದ ಎದುರಿನ ಸಂದಿಗೆ ಗೆರೆ ಎಳೆಯಿತು.

ಅಧಿಕಾರಿ ನಗುತ್ತ ಒಳಗೆ ಬಂದರು. "ಎಲ್ಲಾ ಠಾಣೆಗೂ ಹಾಕ್ಸಿಬಿಡಿ ಮೇಡಂ."

ಹೆಂಡತಿ ಕುರ್ಚಿಗೊರಗಿ ಕಣ್ಣು ಮುಚ್ಚಿದಳು. ಅವಳು ಅಷ್ಟು ನಿರಾಳವಾಗಿದ್ದುದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ನನಗೂ ಹಿಗ್ಗೇ. ಆದರೂ ಊರೆಲ್ಲ ನನ್ನನ್ನು ಏನೆನ್ನುತ್ತದೆ ಎಂದು ಇವಳು ಬರೆದಿಟ್ಟದ್ದನ್ನು ನೋಡಲೇಬೇಕಿತ್ತು. ಅಕ್ಕತಂಗಿಯರು ಅಧಿಕಾರಿಯನ್ನು ಬೀಳ್ಕೊಡಲು ಹೊರಗೆ ಹೋದಾಗ ಕೆಂಪು ಪುಸ್ತಕದ ಕೊನೆಯ ಪುಟ ತೆರೆದೆ.

'ಸಿಡುಕು ಟೈಲರ್ ಅಂಗಡಿ. ಈಗಿಲ್ಲ. ಟೈಲರ್ ಇದ್ದಾರೆ, ಹಿಂದಿನ ಕೋಣೆಯಲ್ಲಿ. ಮಿಷನ್ ಸದ್ದಿಗೆ ಕೂಗಿದರೆ ಕೇಳಿಸುವುದಿಲ್ಲ. ಮೊದಲು ಅವರನ್ನು ಹೊರಗೆ ಕರೆತನ್ನಿ.'

ಪುಸ್ತಕವನ್ನು ಮೊದಲಿದ್ದಲ್ಲೇ ಇಟ್ಟು, ಹೋಗಿ ಹೊಲಿಯಲು ಕುಳಿತೆ.